ಪಿಯೆಂಜಾಕ್ಕೆ ಇಪ್ಪತ್ತೇ ನಿಮಿಷವೇ?

ಇಂದು ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಇಟಲಿಯ ಟಸ್ಕನಿ ಪ್ರಾಂತ್ಯದ ವಾಲ್ ದೋರ್ಚಾ ಕಣಿವೆಯ ತೋಟದ ಮನೆಗೆ ನಾವು ಬಂದದ್ದೇ ನಿಧಾನವಾಗಿ ಸುತ್ತಾಡಲೆಂದು. ಆದರೆ ನಮ್ಮ ಭಾವನವರಿಗೆ ಬೆಳಗಾದರೆ ಓಟ!

ಪಿಯೆಂಜಾದ ಚೌಕದಲ್ಲಿ ಆಗಷ್ಟೇ ಕುಳಿತಿದ್ದೆ. ಪೋಪ್ ಎರಡನೆಯ ಪಿಯುಸ್ ತಾನು ಹುಟ್ಟಿದ ಹಳ್ಳಿಯನ್ನು 1459ರಿಂದ ವಾಸ್ತುಶಿಲ್ಪಿ ರೊಸೆಲ್ಲಿನೋ ಕೈಯಲ್ಲಿ ಮಾದರಿ ಪಟ್ಟಣವಾಗಿ ಕಟ್ಟಿಸಿದ ಜಾಗವದು. ಕುರಿಹಾಲಿನ ಪೆಕೊರಿನೋ ಚೀಸಿನ ಮೊದಲ ತುಣುಕು ಇನ್ನೂ ಬಾಯಲ್ಲೇ ಇತ್ತು. ‘ಏಳಮ್ಮ, ಇನ್ನೂ ಮೂರು ಊರು ಬಾಕಿ ಇದೆ’ ಎಂದುಬಿಟ್ಟರು. ಮೂರು ಊರು! ಸಿಯೆನಾದ ಚಿಪ್ಪಿನಾಕಾರದ ಚೌಕದಲ್ಲಿ, ಆ ಇಟ್ಟಿಗೆ ನೆಲದ ಮೇಲೆ ಕಾಲು ಚಾಚಿ ಕೂರದೆ ಬರುವುದಾದರೆ ಅಲ್ಲಿಗೆ ಹೋಗುವುದೇಕೆ? ಸಾನ್ ಜಿಮಿನ್ಯಾನೋದ ಗೋಪುರಗಳನ್ನು ಕಾರಿನ ಕಿಟಕಿಯಿಂದ ಎಣಿಸುವುದೂ ಒಂದು ನೋಟವೇ?

ನಿನ್ನೆ ಬಾನ್ಯೋ ವಿನ್ಯೋನಿಯಲ್ಲಿಯೂ ಇದೇ ಕಥೆ. ಊರ ಚೌಕವಿರಬೇಕಾದಲ್ಲಿ ಬಿಸಿನೀರಿನ ಕೊಳ, ಥೇಟ್ ನಮ್ಮ ಕಲ್ಯಾಣಿಯಂತೆ. ಅದರ ಕಟ್ಟೆಯ ಮೇಲೆ ಅರ್ಧ ಗಂಟೆ ಕೂರುವುದು ಅಪರಾಧವೇ? ಮಧ್ಯಾಹ್ನ ಕೈಯಲ್ಲೇ ಹೊಸೆದ ಪೀಚಿಯನ್ನು, ಅದೇ ಇಲ್ಲಿನ ದಪ್ಪ ಶಾವಿಗೆಯಂಥ ಪಾಸ್ತಾವನ್ನು, ಬಸ್ ನಿಲ್ದಾಣದ ಇಡ್ಲಿಯಂತೆ ನುಂಗಿಸಿದರು. ಸೈಪ್ರೆಸ್ ಮರಗಳ ಮಣ್ಣುದಾರಿಯಲ್ಲಿ ಸುಮ್ಮನೆ ನಡೆಯುವ ನನ್ನ ಆಸೆಯನ್ನು ಯಾರಾದರೂ ಕೇಳಿದರೇ? ನಾಳೆ ಆರು ಗಂಟೆಗೇ ಹೊರಡಬೇಕಂತೆ, ಪೀಸಾಕ್ಕೆ!