ಜಪಾನಿನ ಪಾರ್ಟ್‌ಟೈಮ್ ಕೆಲಸ ಮತ್ತು ವಿಮೆ: ಆ ಮೆಸೇಜ್ ಅರ್ಧ ಮಾತ್ರ ಸರಿ

"ಜಪಾನಿನಲ್ಲಿ ವಾರಕ್ಕೆ 20 ಗಂಟೆಗಿಂತ ಕಡಿಮೆ ದುಡಿದರೆ ಕಾರ್ಮಿಕ ವಿಮೆ ಇಲ್ಲ, ಏಟು ಬಿದ್ದರೆ ಖರ್ಚು ನಿಮ್ಮದೇ" ಎನ್ನುವ ಮೆಸೇಜ್ ಓಡಾಡುತ್ತಿದೆ. ಇದು ಎರಡು ಬೇರೆ ವಿಮೆಗಳನ್ನು ಕಲಸಿ ಮಾಡಿದ ಗೊಂದಲ.

ಅಲ್ಲಿ ಕಾರ್ಮಿಕ ವಿಮೆ ಅಂದರೆ ಎರಡು. ಒಂದು ರೋಸಾಯ್, ಅಂದರೆ ಕೆಲಸದಲ್ಲಿ ಆಗುವ ಗಾಯ, ಕಾಯಿಲೆಗೆ. ಇದಕ್ಕೆ ಗಂಟೆಯ ಲೆಕ್ಕವೇ ಇಲ್ಲ. ದಿನಕ್ಕೆ ಎರಡು ಗಂಟೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ವಿದೇಶಿ ವಿದ್ಯಾರ್ಥಿಗೂ ಸಿಗುತ್ತದೆ, ಕಂತು ಪೂರ್ತಿ ಮಾಲೀಕನದು, ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಬಿದ್ದರೂ ಸೇರುತ್ತದೆ. ಚಿಕಿತ್ಸೆಯ ಜೊತೆಗೆ, ರಜೆಯ ನಾಲ್ಕನೇ ದಿನದಿಂದ ಸರಾಸರಿ ದಿನಗೂಲಿಯ ಸುಮಾರು 80% ಬರುತ್ತದೆ. ಮಾಲೀಕ ಕಂತೇ ಕಟ್ಟಿಲ್ಲ ಅಂದರೂ ಕಾರ್ಮಿಕ ಇಲಾಖೆಯ ಕಚೇರಿಗೆ ನೀವೇ ಅರ್ಜಿ ಹಾಕಬಹುದು. "ಮಾಮೂಲಿ ಹೆಲ್ತ್ ಕಾರ್ಡ್ ತೋರಿಸು, ಸುಮ್ನೆ ಯಾಕೆ ರಗಳೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಕೆಲಸದ ಗಾಯಕ್ಕೆ ಆ ಕಾರ್ಡ್ ಅಲ್ಲ.

20 ಗಂಟೆಯ ನಿಯಮ ಇರುವುದು ಇನ್ನೊಂದಕ್ಕೆ, ಕೆಲಸ ಹೋದಾಗ ಭತ್ಯೆ ಕೊಡುವ ಉದ್ಯೋಗ ವಿಮೆಗೆ. ಕನಿಷ್ಠ 31 ದಿನ ಕೆಲಸ ಇರುವ ನಿರೀಕ್ಷೆಯೂ ಬೇಕು, ಹಗಲು ಕಾಲೇಜಿಗೆ ಹೋಗುವವರು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಪಾರ್ಟ್‌ಟೈಮ್ ಮಾಡುವವರು ಜಾಸ್ತಿಯಾದ ಕಾಲಕ್ಕೆ ಇದು ಹಳೆಯ ಅಳತೆ ಅಲ್ವಾ? ಅದಕ್ಕೇ 2024ರಲ್ಲಿ ಕಾನೂನು ತಿದ್ದಿದ್ದಾರೆ, 2028ರ ಅಕ್ಟೋಬರ್‌ನಿಂದ 10 ಗಂಟೆ ಸಾಕು.

ಫ್ರೀಲಾನ್ಸರ್‌ಗಳ ವಿಷಯದಲ್ಲಿ ಮಾತ್ರ ಮೆಸೇಜ್‌ನ ಭಯ ಸ್ವಲ್ಪ ನಿಜ. 2024ರ ನವೆಂಬರ್‌ನಿಂದ ಹೆಚ್ಚಿನವರು ರೋಸಾಯ್‌ಗೆ ಸೇರಬಹುದು, ಆದರೆ ತಾವೇ ಅರ್ಜಿ ಹಾಕಬೇಕು, ಕಂತೂ ತಮ್ಮ ಜೇಬಿನಿಂದಲೇ.