ಖಜಾನೆಯ ಎರಡನೇ ಕೀ ಯಾರ ಹತ್ರ ಇದೆ?

2020ರಲ್ಲಿ ನಾನು ಅಮೆರಿಕದಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಮೊದಲ್ನೇ ಸಲ ಓಟು ಹಾಕಿದ್ದು. ಕೊರೋನಾ ಟೈಮು, ಮೇಲ್ ಬ್ಯಾಲೆಟ್ ಮನೆಗೇ ಬಂದಿತ್ತು, ರಾತ್ರಿ ಊಟ ಆದ್ಮೇಲೆ ಟೇಬಲ್ ಒರೆಸಿ ಆ ಉದ್ದದ ಹಾಳೆ ಹರಡ್ಕೊಂಡು ಕಪ್ಪು ಪೆನ್ನಲ್ಲಿ ಮೊಟ್ಟೆ ಆಕಾರದ ಗುಂಡಿ ತುಂಬ್ತಾ ಕೂತೆ. ಪ್ರೆಸಿಡೆಂಟ್ ಆಯ್ತು, ಅಟಾರ್ನಿ ಜನರಲ್ ಆಯ್ತು, ಆಮೇಲೆ ಆಡಿಟರ್ ಜನರಲ್, ಅದರ ಕೆಳಗೆ ಸ್ಟೇಟ್ ಟ್ರೆಷರರ್, ಅಂದ್ರೆ ರಾಜ್ಯದ ಖಜಾಂಚಿ. ಅಲ್ಲಿಗೆ ಬಂದು ಪೆನ್ನು ನಿಂತೋಯ್ತು. ನಾಲ್ಕು ಹೆಸರು, ಒಂದೂ ಗೊತ್ತಿಲ್ಲ. ಗೊತ್ತಿಲ್ದೆ ಹಾಕೋದಕ್ಕಿಂತ ಬಿಡೋದೇ ವಾಸಿ ಅಂತ ಖಾಲಿ ಬಿಟ್ಟು ಲಕೋಟೆಗೆ ಹಾಕಿ ಅಂಟಿಸ್ಬಿಟ್ಟೆ.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡ್ದಾಗ ಹೀಗೆ ಹೀಗೆ ಓಟು ಹಾಕ್ದೆ ಅಂದೆ. ಟ್ರಂಪಾ ಬೈಡನ್ನಾ ಅಂತ ಕೇಳ್ತಾರೆ ಅಂದ್ಕೊಂಡಿದ್ದೆ. ಅವರು ಅದನ್ನ ಕೇಳ್ಲೇ ಇಲ್ಲ. "ಏನಂದೆ, ಖಜಾನೆಗೂ ಎಲೆಕ್ಷನ್ನಾ? ಜನಾನೇ ಆರಿಸ್ತಾರಾ? ಯಾರಿಗ್ ಹಾಕ್ದಪ್ಪ?" ಖಾಲಿ ಬಿಟ್ಟೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅದೊಂದಕ್ಕೆ ಹಾಕ್ಬೇಕಿತ್ತು ಕಣೋ" ಅಂದ್ರು ಅಷ್ಟೆ.

ಅಪ್ಪ ಹಾಸನ ಜಿಲ್ಲೇಲಿ ಒಂದು ತಾಲೂಕಿನ ಉಪ ಖಜಾನೇಲಿ ಸರ್ವೀಸ್ ಮುಗಿಸಿದವರು. ಚಿಕ್ಕೋನಿದ್ದಾಗ ನಾನು ಆ ಆಫೀಸಿಗೆ ಹೋಗ್ತಿದ್ದೆ, ಹೊರಗೆ ಬಂದೂಕು ಹಿಡಿದ ಪೊಲೀಸ್, ಒಳಗೆ ಸ್ಟ್ರಾಂಗ್ ರೂಮು, ಆ ಬಾಗಿಲಿಗೆ ಡಬಲ್ ಲಾಕ್. ಒಂದು ಕೀ ಆಫೀಸರ್ ಹತ್ರ, ಇನ್ನೊಂದು ಬೇರೆಯವರ ಹತ್ರ, ಇಬ್ರೂ ಇದ್ರೇನೇ ಬಾಗಿಲು ತೆಗೀತಿದ್ದಿದ್ದು. ಛಾಪಾ ಕಾಗದ, ಎಸ್ಸೆಸ್ಸೆಲ್ಸಿ ಕ್ವೆಶ್ಚನ್ ಪೇಪರ್ ಬಂಡಲ್ಲು ಎಲ್ಲಾ ಅದ್ರೊಳಗೇ. ಮಾರ್ಚ್ 31 ಬಂತು ಅಂದ್ರೆ ಅಪ್ಪ ಮನೆಗೆ ಬರೋದು ಮಧ್ಯರಾತ್ರಿ ದಾಟಿದ ಮೇಲೆ. ಯಾವ ಇಲಾಖೆಯ ಎಂಥಾ ದೊಡ್ಡ ಮನುಷ್ಯ ಬಂದು ಕೂತ್ರೂ ಗ್ರಾಂಟ್ ಇಲ್ದೆ ಇದ್ರೆ ಬಿಲ್ಲಿಗೆ ಆಬ್ಜೆಕ್ಷನ್ ಬರೆದು ವಾಪಸ್ ಕಳಿಸೋರು, ಬೈಸ್ಕೊಳ್ಳೋರು, ಆದ್ರೂ ಪಾಸ್ ಮಾಡ್ತಿರ್ಲಿಲ್ಲ. ಆ ಮನುಷ್ಯನ ಮಗ ಖಜಾಂಚಿಯ ಗುಂಡಿ ಖಾಲಿ ಬಿಟ್ಟಿದ್ದ, ಅದು ನನಗೆ ಇವತ್ತಿಗೂ ನೋವು. ಅದಕ್ಕೇ ಇಷ್ಟುದ್ದ ಬರೀತಿರೋದು, ಪೆನ್ಸಿಲ್ವೇನಿಯಾದಲ್ಲಿ ಇರೋ ನಮ್ಮೋರು ದಯವಿಟ್ಟು ಪೂರ್ತಿ ಓದಿ.

ಮೊದಲು ಈ ಟ್ರೆಷರರ್ ಏನು ಮಾಡ್ತಾರೆ ಅಂತ. ತುಂಬಾ ಜನ ಇವರೇ ಬಜೆಟ್ ಮಾಡ್ತಾರೆ, ಟ್ಯಾಕ್ಸ್ ಹಾಕ್ತಾರೆ ಅಂದ್ಕೊಂಡಿದಾರೆ. ಅಲ್ಲ. ಬಜೆಟ್ ಗವರ್ನರ್ ಮತ್ತೆ ಶಾಸನಸಭೆಯ ಕೆಲಸ, ಟ್ಯಾಕ್ಸ್ ವಸೂಲಿ ರೆವಿನ್ಯೂ ಇಲಾಖೆದು. ಟ್ರೆಷರರ್ ಕೆಲಸ ಬಂದ ದುಡ್ಡನ್ನ ಕಾಯೋದು, ಹೂಡಿಕೆ ಮಾಡೋದು, ಹೊರಗೆ ಹೋಗೋ ಪ್ರತಿ ಪೇಮೆಂಟನ್ನೂ ಹೋಗೋಕೆ ಮುಂಚೆ ಚೆಕ್ ಮಾಡೋದು. ಕಾನೂನು ಪ್ರಕಾರ ಮಂಜೂರಾಗದೆ ಖಜಾನೆಯಿಂದ ಒಂದು ಡಾಲರೂ ಹೊರಗೆ ಹೋಗೋ ಹಂಗಿಲ್ಲ ಅಂತ ಈ ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಅಂದ್ರೆ ಅಪ್ಪ ಮಾಡ್ತಿದ್ದ ಕೆಲಸಾನೇ, ಒಂದು ತಾಲೂಕಿನ ಬದಲು ಇಡೀ ರಾಜ್ಯಕ್ಕೆ. ಜೊತೆಗೆ ಸ್ಕೂಲ್ ಮೇಷ್ಟ್ರುಗಳ ಪೆನ್ಷನ್ ಬೋರ್ಡಲ್ಲಿ, ಸರ್ಕಾರಿ ನೌಕರರ ಪೆನ್ಷನ್ ಬೋರ್ಡಲ್ಲಿ ಒಂದೊಂದು ಕುರ್ಚಿ. ಮಕ್ಕಳ ಕಾಲೇಜಿಗೆ ನಾವೆಲ್ಲ ದುಡ್ಡು ಕಟ್ತೀವಲ್ಲ ಆ 529 ಪ್ಲಾನ್ ಕೂಡ ಇವರದ್ದೇ. 2019ರಿಂದ ಈಚೆಗೆ ಪೆನ್ಸಿಲ್ವೇನಿಯಾದ ಕುಟುಂಬಗಳಲ್ಲಿ ಹುಟ್ಟಿದ ಪ್ರತಿ ಮಗೂಗೂ ಕೀಸ್ಟೋನ್ ಸ್ಕಾಲರ್ಸ್ ಅಂತ 100 ಡಾಲರ್ ಇಟ್ಟಿರ್ತಾರೆ, ನಿಮ್ಮ ಮಗು ಆಮೇಲೆ ಹುಟ್ಟಿದ್ರೆ ಒಂದ್ಸಲ ನೋಡ್ಕೊಳ್ಳಿ.

ಇವರನ್ನ ಗವರ್ನರ್ ನೇಮಿಸೋದಲ್ಲ, ಜನ ನಾಲ್ಕು ವರ್ಷಕ್ಕೆ ಆರಿಸೋದು, ಅದೂ ಪ್ರೆಸಿಡೆಂಟ್ ಎಲೆಕ್ಷನ್ ವರ್ಷದಲ್ಲಿ. ಗವರ್ನರ್ ಎಲೆಕ್ಷನ್ ಬೇರೆ ವರ್ಷ. ಇದರಿಂದ ಇಬ್ರೂ ಒಂದೇ ಅಲೆಯಲ್ಲಿ ಗೆದ್ದು ಬರೋದು ತಪ್ಪುತ್ತೆ. ಇನ್ನೊಂದು ನನಗೆ ತುಂಬಾ ಹಿಡಿಸಿದ್ದು, ಟ್ರೆಷರರ್ ಆಗಿದ್ದವರು ಆ ಹುದ್ದೆ ಬಿಟ್ಟು ನಾಲ್ಕು ವರ್ಷ ಆಗೋವರೆಗೂ ಆಡಿಟರ್ ಜನರಲ್ ಆಗೋ ಹಂಗಿಲ್ಲ, ಇದೂ ಸಂವಿಧಾನದಲ್ಲೇ ಇದೆ. ತನ್ನ ಲೆಕ್ಕಾನ ತಾನೇ ಆಡಿಟ್ ಮಾಡ್ಕೋಬಾರ್ದು ಅಂತ. ಅಪ್ಪನಿಗೆ ಇದನ್ನ ಹೇಳ್ದಾಗ "ನೋಡು, ಡಬಲ್ ಲಾಕ್" ಅಂದ್ರು, ಎಷ್ಟು ಖುಷಿಯಾಯ್ತು ಅಂದ್ರೆ ಅಮ್ಮನನ್ನ ಕರೆದು ಅವರಿಗೂ ಹೇಳಿದ್ರು.

ಇದೆಲ್ಲಾ ಪುಸ್ತಕದಲ್ಲಿ ಚೆನ್ನಾಗಿರುತ್ತೆ, ನಿಜವಾಗ್ಲೂ ನಡೆಯುತ್ತಾ ಅಂತ ಕೇಳಬಹುದು. 2017ರಲ್ಲಿ ನಡೀತು. ಆ ವರ್ಷ ಇಲ್ಲಿ ಖರ್ಚಿನ ಮಸೂದೆ ಪಾಸ್ ಮಾಡಿದ್ರು, ಆದ್ರೆ ಆ ಖರ್ಚಿಗೆ ದುಡ್ಡು ಎಲ್ಲಿಂದ ಅನ್ನೋದನ್ನ ತಿಂಗಳುಗಟ್ಟಲೆ ತೀರ್ಮಾನಾನೇ ಮಾಡ್ಲಿಲ್ಲ. ಟಾಮ್ ವುಲ್ಫ್ ಗವರ್ನರ್, ಜೋ ಟಾರ್ಸೆಲ್ಲಾ ಟ್ರೆಷರರ್, ಇಬ್ರೂ ಡೆಮಾಕ್ರಟ್. ಹಿಂದೆಲ್ಲಾ ಇಂಥ ಟೈಮಲ್ಲಿ ಖಜಾನೆ ಕೈಸಾಲ ಕೊಟ್ಟು ಸುಧಾರಿಸೋದು. ಆಗಸ್ಟಲ್ಲಿ ಟಾರ್ಸೆಲ್ಲಾ 75 ಕೋಟಿ ಡಾಲರ್ ಕೊಟ್ರು. ಸೆಪ್ಟೆಂಬರಲ್ಲಿ ಮತ್ತೆ ಬೇಕು ಅಂದಾಗ, ವಾಪಸ್ ಬರೋ ದಾರಿ ಕಾಣ್ತಿಲ್ಲ, ಇನ್ನು ಕೊಡೋಕಾಗಲ್ಲ ಅಂದ್ಬಿಟ್ರು. ತಮ್ಮದೇ ಪಕ್ಷದ ಗವರ್ನರ್‌ಗೆ! ರಾಜ್ಯ ಕೆಲವು ದೊಡ್ಡ ಪೇಮೆಂಟುಗಳನ್ನ ಮುಂದಕ್ಕೆ ಹಾಕ್ಬೇಕಾಯ್ತು, ತಲೆತಗ್ಗಿಸೋ ವಿಷಯಾನೇ, ಆದ್ರೆ ಅಕ್ಟೋಬರ್ ಕೊನೆಗೆ ಶಾಸನಸಭೆಯವರು ಆದಾಯದ ದಾರಿ ಹುಡುಕ್ಲೇಬೇಕಾಯ್ತು. ಗವರ್ನರ್ ನೇಮಿಸಿದ ಅಧಿಕಾರಿ ಆಗಿದ್ರೆ ಹಂಗೆ ಹೇಳೋಕೆ ಆಗ್ತಿತ್ತಾ, ಹೇಳಿದ್ರೂ ಮಾರನೇ ದಿನ ಆ ಕುರ್ಚೀಲಿ ಇರ್ತಿದ್ರಾ? ಈ ಕಾರಣಕ್ಕೇ ಖಜಾಂಚಿ ಚುನಾಯಿತರಾಗಿರಬೇಕು ಅಂತ ನಾನು ವಾದ ಮಾಡೋದು.

ಇಷ್ಟು ಮಾಡಿದ ಟಾರ್ಸೆಲ್ಲಾ 2020ರಲ್ಲಿ ಸೋತ್ರು, ಒಂದು ಪರ್ಸೆಂಟ್‌ಗೂ ಕಮ್ಮಿ ಅಂತರದಲ್ಲಿ. ಗೆದ್ದಿದ್ದು ರಿಪಬ್ಲಿಕನ್ ಪಕ್ಷದ ಸ್ಟೇಸಿ ಗ್ಯಾರಿಟಿ, ಆರ್ಮಿ ರಿಸರ್ವ್‌ನಲ್ಲಿ ಕರ್ನಲ್ ಆಗಿದ್ದವರು. ಅದೇ ದಿನ ಅದೇ ಹಾಳೇಲಿ ಬೈಡನ್ ಸುಮಾರು 80 ಸಾವಿರ ಓಟಲ್ಲಿ ಈ ರಾಜ್ಯ ಗೆದ್ದಿದ್ರು. ಆಗಿನ್ನೂ ಹೊಸ ಕಾನೂನು ಬಂದಿತ್ತು, ಮೊದಲಿನ ಹಾಗೆ ಮೇಲೆ ಒಂದೇ ಗುಂಡಿ ತುಂಬಿ ಇಡೀ ಪಕ್ಷಕ್ಕೆ ಓಟು ಹಾಕೋ ಸೌಲಭ್ಯ 2019ರಲ್ಲಿ ತೆಗೆದ್ರು, ಪ್ರತಿ ಹುದ್ದೆಗೂ ಬೇರೆ ಬೇರೆ ತುಂಬ್ಬೇಕು. ಅದು ಒಳ್ಳೇದೇ. ಆದ್ರೆ ನನ್ನ ಥರ ಮೇಲಿನ ಸಾಲು ತುಂಬಿ ಕೆಳಗಿನದು ಬಿಟ್ಟೋರು ಎಷ್ಟು ಜನ ಇದ್ರೋ. ಗ್ಯಾರಿಟಿ ಗೆದ್ದಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಅವರ ಕೆಲಸಕ್ಕೆ ಮುಂದೆ ಬರ್ತೀನಿ. ನಾನು ಹೇಳ್ತಿರೋದು, ಅಷ್ಟು ಚಿಕ್ಕ ಅಂತರದಲ್ಲಿ ತೀರ್ಮಾನ ಆಗೋ ಸಾಲನ್ನ ನಾನು ಓದ್ಲೇ ಇಲ್ಲ ಅಂತ.

ಜನ ಓದದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಇಲ್ಲೇ ಒಂದು ಹಳೇ ಕಥೆ ಇದೆ. 1976ರಲ್ಲಿ ರಾಬರ್ಟ್ ಕೇಸಿ ಅಂದ್ರೆ ಪೆನ್ಸಿಲ್ವೇನಿಯಾದಲ್ಲಿ ದೊಡ್ಡ ಹೆಸರು, ಆಡಿಟರ್ ಜನರಲ್ ಆಗಿದ್ದವರು, ಪ್ರಾಮಾಣಿಕ ಅಂತ ಹೆಸರು ಮಾಡಿದ್ದವರು. ಆ ವರ್ಷ ಡೆಮಾಕ್ರಟಿಕ್ ಪ್ರೈಮರೀಲಿ, ಅಂದ್ರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಎಲೆಕ್ಷನ್‌ನಲ್ಲಿ, ಟ್ರೆಷರರ್ ಹುದ್ದೆಗೆ ರಾಬರ್ಟ್ ಕೇಸಿ ಅಂತ ಹೆಸರು ಕಂಡಿದ್ದೇ ತಡ ಜನ ಒತ್ತಿಬಿಟ್ರು. ಅವರು ಈ ಕೇಸಿ ಅಲ್ಲ! ಕೇಂಬ್ರಿಯಾ ಕೌಂಟಿಯ ಒಬ್ಬ ಕೌಂಟಿ ಅಧಿಕಾರಿ, ಹೆಸರು ಮಾತ್ರ ಒಂದೇ, ಪ್ರಚಾರ ಮಾಡಿದ್ದೂ ಇಲ್ಲ ಅನ್ನೋ ಹಾಗೆ. ಪಕ್ಷ ಬೆಂಬಲಿಸಿದ್ದ ಕ್ಯಾಥರಿನ್ ಬೇಕರ್ ನಾಲ್ ಸೋತ್ರು, ಈ ಕೇಸಿ ನವೆಂಬರಲ್ಲೂ ಗೆದ್ದು ನಾಲ್ಕು ವರ್ಷ ಇಡೀ ರಾಜ್ಯದ ಖಜಾಂಚಿ ಆಗಿದ್ರು. 2019ರ ಮಂಡ್ಯ ಎಲೆಕ್ಷನ್‌ನಲ್ಲಿ ಸುಮಲತಾ ಹೆಸರಿನ ಬೇರೆ ಮೂವರು ನಿಂತಿದ್ದು ನೆನಪಿದೆಯಲ್ಲ, ಅಲ್ಲಿ ಜನ ಮೋಸ ಹೋಗ್ಲಿಲ್ಲ, ಯಾಕಂದ್ರೆ ಅಲ್ಲಿ ಯಾರು ನಿಂತಿದಾರೆ ಅಂತ ಊರೂರಿಗೂ ಗೊತ್ತಿತ್ತು. ಖಜಾಂಚಿ ಸ್ಥಾನಕ್ಕೆ ಅಷ್ಟು ಗಮನ ಯಾರೂ ಕೊಡಲ್ಲ.

ಆ ಗಮನ ಇಲ್ಲದ ಜಾಗದಲ್ಲಿ ಕೊಳೆ ಸೇರ್ಕೊಳ್ಳುತ್ತೆ. ಆ ಕೇಸಿಯನ್ನ ಸೋಲಿಸಿ 1980ರಲ್ಲಿ ಬಂದ ಬಡ್ ಡ್ವಯರ್ ಮೇಲೆ ಒಂದು ಕಾಂಟ್ರ್ಯಾಕ್ಟ್ ವಿಷಯದಲ್ಲಿ ಲಂಚದ ಕೇಸಾಗಿ 1986ರಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು. ನಾನು ನಿರಪರಾಧಿ ಅಂತ ಕೊನೇವರೆಗೂ ಹೇಳಿದ ಆ ಮನುಷ್ಯ, ಶಿಕ್ಷೆ ಪ್ರಕಟ ಆಗೋ ಹಿಂದಿನ ದಿನ ಜೀವಾನೇ ಕಳ್ಕೊಂಡ್ರು, ಅದರ ಬಗ್ಗೆ ಹೆಚ್ಚು ಬರೆಯೋಕೆ ನನಗೆ ಮನಸಿಲ್ಲ. 1997ರಿಂದ 2005ರವರೆಗೆ ಇದ್ದ ಬಾರ್ಬರಾ ಹೇಫರ್, ಹುದ್ದೆ ಬಿಟ್ಟ ಮೇಲೆ ತಗೊಂಡ ದುಡ್ಡಿನ ಬಗ್ಗೆ ಫೆಡರಲ್ ಅಧಿಕಾರಿಗಳಿಗೆ ಸುಳ್ಳು ಹೇಳಿದ್ದನ್ನ 2017ರಲ್ಲಿ ಒಪ್ಕೊಂಡ್ರು. ಆಮೇಲೆ ರಾಬ್ ಮೆಕಾರ್ಡ್. ಇವರು ಟ್ರೆಷರರ್ ಆಗಿದ್ದಾಗ್ಲೇ 2014ರಲ್ಲಿ ಗವರ್ನರ್ ಪ್ರೈಮರಿಗೆ ನಿಂತ್ರು, ಪ್ರಚಾರಕ್ಕೆ ದುಡ್ಡು ಕೊಡಿ, ಇಲ್ಲಾಂದ್ರೆ ರಾಜ್ಯದ ಜೊತೆ ನಿಮ್ಮ ವ್ಯವಹಾರಕ್ಕೆ ತೊಂದರೆ ಆಗುತ್ತೆ ಅಂತ ಹೆದರಿಸಿ ಕೇಳಿದ್ರು. 2015ರಲ್ಲಿ ರಾಜೀನಾಮೆ, ತಪ್ಪೊಪ್ಪಿಗೆ, ಆಮೇಲೆ 30 ತಿಂಗಳ ಜೈಲು ಶಿಕ್ಷೆ.

ಮೆಕಾರ್ಡ್ ಕಥೆ ಓದಿದಾಗಿಂದ ನನ್ನ ತಲೇಲಿ ಒಂದೇ ಮಾತು ಕೂತಿದೆ. ಖಜಾಂಚಿ ಆಗಿದ್ದುಕೊಂಡೇ ಗವರ್ನರ್ ಹುದ್ದೆಗೆ ನಿಲ್ಲಬಾರದು. ನಿಲ್ಲಬೇಕು ಅಂದ್ರೆ ಮೊದಲು ರಾಜೀನಾಮೆ ಕೊಡಬೇಕು. ಫಿಲಡೆಲ್ಫಿಯಾ ನಗರದ ಚಾರ್ಟರ್‌ನಲ್ಲಿ ನಗರದ ಚುನಾಯಿತರಿಗೆ ಇಂಥಾ ನಿಯಮ ಇದ್ದೇ ಇದೆ, ರಾಜ್ಯಕ್ಕೆ ಯಾಕಿಲ್ಲ? ಇದು ಯಾವ ಪಕ್ಷಕ್ಕೂ ಸೇರಿದ ಮಾತಲ್ಲ. ಮೆಕಾರ್ಡ್ ಡೆಮಾಕ್ರಟ್. 2025ರಲ್ಲಿ ಗ್ಯಾರಿಟಿ ಅವರೂ ಗವರ್ನರ್ ಹುದ್ದೆಗೆ ನಿಲ್ತೀನಿ ಅಂತ ಘೋಷಿಸಿದ್ರು, ಅವರ ಮೇಲೆ ಅಂಥಾ ಆರೋಪ ಯಾವುದೂ ಇಲ್ಲ. ಆದ್ರೆ ಅದೇ ವರ್ಷ ಬಜೆಟ್ ಜುಲೈ 1ಕ್ಕೆ ಆಗಬೇಕಿದ್ದು ನವೆಂಬರ್ 12ರವರೆಗೆ ಎಳೀತಲ್ಲ, ಕೌಂಟಿಗಳು, ಚಿಕ್ಕ ಮಕ್ಕಳ ಹೆಡ್ ಸ್ಟಾರ್ಟ್ ಕೇಂದ್ರಗಳು ದುಡ್ಡಿಲ್ಲದೆ ಒದ್ದಾಡಿದ್ವಲ್ಲ, ಆಗ ಖಜಾನೆಯಿಂದ 50 ಕೋಟಿ ಡಾಲರ್ ಸಾಲದ ಯೋಜನೆ ತಂದ್ರು. ಒಳ್ಳೇ ಕೆಲಸಾನೇ ಇರಬಹುದು. ಆದ್ರೆ ಗವರ್ನರ್ ವಿರುದ್ಧ ನಿಲ್ಲೋಕೆ ಹೊರಟಿರೋರು ಆ ಸಾಲ ಕೊಟ್ಟಾಗ ಇದು ಖಜಾಂಚಿಯ ತೀರ್ಮಾನಾನಾ ಅಭ್ಯರ್ಥಿಯ ತೀರ್ಮಾನಾನಾ ಅಂತ ಬಿಡಿಸಿ ನೋಡೋಕೆ ನನ್ನಂಥ ಓಟುದಾರನಿಗೆ ದಾರಿ ಯಾವುದು? ಆ ಅನುಮಾನವೇ ಬೇಡ ಅಂತ ನಾನು ಕೇಳ್ತಿರೋದು.

ಕೆಲವರು ಎಲೆಕ್ಷನ್ನೇ ಬೇಡ, ಹುದ್ದೆಯನ್ನೇ ತೆಗೀರಿ ಅಂತಾರೆ. ಟೆಕ್ಸಾಸಲ್ಲಿ ಹಾಗೇ ಮಾಡಿದ್ರು, ಮಾರ್ಥಾ ವೈಟ್‌ಹೆಡ್ ಅನ್ನೋರು ನನ್ನ ಗೆಲ್ಲಿಸಿ, ಈ ಹುದ್ದೆಯನ್ನ ಮುಚ್ತೀನಿ ಅಂತ ಹೇಳಿ 1994ರಲ್ಲಿ ಗೆದ್ದು, ಜನರೂ ಒಪ್ಪಿ, 1996ರಲ್ಲಿ ಮುಚ್ಚಿದ್ರು, ಕೆಲಸ ಎಲ್ಲಾ ಕಂಟ್ರೋಲರ್ ಆಫೀಸಿಗೆ ಹೋಯ್ತು. ಮೇರಿಲ್ಯಾಂಡಲ್ಲಿ ಶಾಸನಸಭೆ ಆರಿಸುತ್ತೆ. ಖರ್ಚು ಉಳಿಯುತ್ತೆ ಅನ್ನೋದು ನಿಜ. ಆದ್ರೆ ಎರಡು ಕೀ ಒಂದೇ ಗೊಂಚಲಿಗೆ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಆ ಕೀ ಹಿಡಿಯೋರು ಎಂಥವರಾಗಿರಬೇಕು ಅನ್ನೋದಕ್ಕೆ ಒಂದು ಉದಾಹರಣೆ. 2020ರ ಡಿಸೆಂಬರಲ್ಲಿ ಇಲ್ಲಿನ ಶಾಲಾ ನೌಕರರ ಪೆನ್ಷನ್ ಫಂಡು ತನ್ನ ಹೂಡಿಕೆಯ ಆದಾಯ 6.38 ಪರ್ಸೆಂಟ್ ಅಂತ ಹೇಳ್ತು, 6.36 ದಾಟಿದ್ರೆ ಮೇಷ್ಟ್ರುಗಳು ಹೆಚ್ಚು ಕಟ್ಟೋ ಹಂಗಿರ್ಲಿಲ್ಲ. ಮುಂದಿನ ಮಾರ್ಚಲ್ಲಿ ಲೆಕ್ಕ ತಪ್ಪು, ಅದು 6.34 ಅಂತ ಗೊತ್ತಾಯ್ತು. ಪಾಯಿಂಟ್ ಸೊನ್ನೆ ನಾಲ್ಕು. ಅಷ್ಟಕ್ಕೆ ಸುಮಾರು ಒಂದು ಲಕ್ಷ ನೌಕರರ ಸಂಬಳದಲ್ಲಿ ಹೆಚ್ಚು ಕಡಿತ. ಟ್ರೆಷರರ್‌ಗೆ ಕುರ್ಚಿ ಇದೆ ಅಂದ್ನಲ್ಲ, ಇದೇ ಬೋರ್ಡು. ಅಲ್ಲಿ ಕೂತೋರು ಲೆಕ್ಕ ಓದಬಲ್ಲವರಾಗಿರಬೇಕು, ಪ್ರಶ್ನೆ ಕೇಳೋ ಧೈರ್ಯ ಇರೋರಾಗಿರಬೇಕು.

ಇನ್ನು ಮೆಚ್ಚಬೇಕಾದ್ದು. ವಾರಸುದಾರರು ಸಿಗದ ದುಡ್ಡು, ಅಂದ್ರೆ ಮರೆತ ಬ್ಯಾಂಕ್ ಅಕೌಂಟು, ಹಳೇ ಸಂಬಳದ ಚೆಕ್ಕು, ಡೆಪಾಸಿಟ್ಟು, ಇವೆಲ್ಲಾ ಸಾಮಾನ್ಯವಾಗಿ ಮೂರು ವರ್ಷ ಆದ್ಮೇಲೆ ಟ್ರೆಷರಿಗೆ ಬರುತ್ತೆ, ಈಗ ಹೆಚ್ಚುಕಮ್ಮಿ 500 ಕೋಟಿ ಡಾಲರ್ ಹಾಗೇ ಕೂತಿದೆ. ಬ್ಯಾಂಕ್ ಲಾಕರುಗಳಿಂದ ಬಂದ ಸೈನಿಕರ ಪದಕಗಳೂ ಇವೆ, ಅವನ್ನ ಹರಾಜು ಹಾಕಲ್ಲ, ಮನೆಯವರು ಸಿಗೋವರೆಗೂ ಇಟ್ಟಿರ್ತಾರೆ. ಗ್ಯಾರಿಟಿ ಅವರ ಕಾಲದಲ್ಲಿ, 2024ರಲ್ಲಿ, ಎರಡೂ ಪಕ್ಷದವರು ಸೇರಿ ಒಂದು ಕಾನೂನು ತಂದ್ರು, ಒಬ್ಬರೇ ವಾರಸುದಾರರಿದ್ದು 500 ಡಾಲರ್‌ವರೆಗಿನ ಮೊತ್ತ ಆದ್ರೆ ಅರ್ಜಿ ಹಾಕೋದೇ ಬೇಡ, ಅವರೇ ಹುಡುಕಿ ಮೊದಲು ಕಾಗದ ಆಮೇಲೆ ಚೆಕ್ ಕಳಿಸ್ತಾರೆ. ನಮ್ಮನೆಗೂ ಬಂತು. ಕಾಗದ ನೋಡಿ ನನ್ನ ಹೆಂಡ್ತಿ ಇದು ಪಕ್ಕಾ ಸ್ಕ್ಯಾಮು ರೀ, ಹರಿದು ಬಿಸಾಕಿ ಅಂದ್ಳು. ಕೆಲವು ವಾರ ಆದ್ಮೇಲೆ ಚೆಕ್ಕೇ ಬಂತು, 83 ಡಾಲರ್ 40 ಸೆಂಟು, ಹಳೇ ಮನೆ ಬಿಟ್ಟಾಗ ಕರೆಂಟ್ ಡೆಪಾಸಿಟ್ ವಾಪಸ್ ಬರದೇ ಹೋಗಿದ್ದು. ವಾಟ್ಸಾಪಲ್ಲಿ ಅದರ ಫೋಟೋ ಕಳಿಸಿದ್ದಕ್ಕೆ ಅಪ್ಪ ಮೊತ್ತ ನೋಡ್ಲಿಲ್ಲ, ದೊಡ್ಡದು ಮಾಡ್ಕೊಂಡು ಕೆಳಗಿನ ಸಹಿ ನೋಡಿದ್ರಂತೆ.

ನಮ್ಮೋರಿಗೆ ಒಂದು ಮಾತು. ನಮ್ಮ ಹೆಸರುಗಳು ಇಲ್ಲಿನ ದಾಖಲೆಗಳಲ್ಲಿ ನೆಟ್ಟಗಿರಲ್ಲ, ಇನಿಷಿಯಲ್ಲು ಒಂದು ಕಡೆ ಸರ್‌ನೇಮು, ಇನ್ನೊಂದು ಕಡೆ ಅಪ್ಪನ ಹೆಸರೇ ಸರ್‌ನೇಮು, ಮತ್ತೊಂದು ಕಡೆ ಊರ ಹೆಸರು, ಮದುವೆಗೆ ಮುಂಚಿನದು ಬೇರೆ. ಹೀಗಿದ್ದಾಗ ತಾನಾಗೇ ಹೊಂದಿಸಿ ಕಳಿಸೋಕೆ ಅವರಿಗೂ ಕಷ್ಟ. ಟ್ರೆಷರಿ ವೆಬ್‌ಸೈಟಲ್ಲಿ ಹೆಸರು ಹುಡುಕೋಕೆ ದುಡ್ಡು ಕೊಡಬೇಕಾಗಿಲ್ಲ, ನಿಮ್ಮ ಹೆಸರಿನ ಎಷ್ಟು ಸ್ಪೆಲ್ಲಿಂಗ್ ಇದೆಯೋ ಅಷ್ಟರಲ್ಲೂ ಹುಡುಕಿ, ಹಳೇ ಅಡ್ರೆಸ್‌ಗಳು ಕೈಯಲ್ಲಿರಲಿ, ತೀರಿಹೋದ ಅಪ್ಪ ಅಮ್ಮ ಇಲ್ಲಿ ಬಂದಿದ್ದಾಗ ಅಕೌಂಟ್ ತೆಗೆದಿದ್ರೆ ಅವರ ಹೆಸರಲ್ಲೂ ನೋಡಿ.

2024ರಲ್ಲಿ ನಾನು ಖಾಲಿ ಬಿಡಲಿಲ್ಲ. ಎರಡು ಸಂಜೆ ಕೂತು ಗ್ಯಾರಿಟಿ, ಎರಿನ್ ಮೆಕ್ಲೆಲ್ಯಾಂಡ್ ಇಬ್ಬರದ್ದೂ ಓದಿ, ಅದೇ ಊಟದ ಟೇಬಲ್ ಮೇಲೆ, ಮೊದಲು ಆ ಸಾಲನ್ನೇ ತುಂಬಿದೆ. ಯಾರಿಗೆ ಅಂತ ಇಲ್ಲಿ ಬರೆಯಲ್ಲ. ಅಪ್ಪನಿಗೆ ಮಾತ್ರ ಹೇಳಿದೀನಿ.