ರಥಬೀದಿಯ ಸಾಂಬಾರು ಮತ್ತು ನ್ಯಾಯ ಸಂಹಿತೆ

ನನ್ನ ಕಥೆಯಲ್ಲಿ ಒಂದು ವಾಕ್ಯವಿತ್ತು: ‘ರಥಬೀದಿಯ ಭಟ್ಟರ ಹೋಟೆಲಿನ ಸಾಂಬಾರಿನಲ್ಲಿ ನುಗ್ಗೆಕಾಯಿ ಹುಡುಕಲು ದುರ್ಬೀನು ಬೇಕು.’ ಅಚ್ಚಿಗೆ ಹೋಗುವ ಮೊದಲು ವಕೀಲರ ಕಣ್ಣಿಗೊಮ್ಮೆ ಬೀಳಲಿ ಎಂದು ಪ್ರಕಾಶಕರು ಅಪ್ಪಣೆ ಮಾಡಿದರು. ವಕೀಲರು ಓದಿ, “ಉಡುಪಿಯಲ್ಲಿ ಭಟ್ಟರೆಷ್ಟು, ಹೋಟೆಲುಗಳೆಷ್ಟು, ಲೆಕ್ಕ ಹಾಕಿದ್ದೀರಾ?” ಎಂದರು. ಕಲ್ಲೆಸೆದರೆ ಎರಡರಲ್ಲೊಂದಕ್ಕೆ ತಾಗುತ್ತದೆ ಎಂದು ಒಪ್ಪಿಕೊಂಡೆ.

ಭಟ್ಟರನ್ನು ಶೆಟ್ಟರು ಮಾಡಿದೆ. “ಸಮುದಾಯಕ್ಕೆ ನೋವಾದೀತು.” ರಾಯರು ಮಾಡಿದೆ. “ನನ್ನ ಭಾವ ರಾಯರೇ. ಕ್ಯಾಂಟೀನೂ ಇದೆ.” ರಥಬೀದಿ ‘ಒಂದು ಕಡೆ’ ಆಯಿತು. ಸಾಂಬಾರು ‘ದ್ರವ’ವಾಯಿತು.

“ಆದರೆ ಅದು ಸತ್ಯವಲ್ಲವೇ?” ಎಂದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ತೆಗೆದು ತೋರಿಸಿದರು. ಮಾನಹಾನಿಯ ಕ್ರಿಮಿನಲ್ ಮೊಕದ್ದಮೆಯಲ್ಲಿ ಸತ್ಯವೊಂದೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. ಇಲ್ಲವಾದರೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಕನ್ನಡದಲ್ಲಿ ಕಥಾಸಂಕಲನ ತಂದವನು ಪ್ರತಿಗಳನ್ನು ಮನೆಮನೆಗೆ ಬಿಟ್ಟಿ ಹಂಚಿ ಆ ಸೇವೆಯನ್ನು ಮುಂಗಡವಾಗಿಯೇ ಸಲ್ಲಿಸಿರುತ್ತಾನೆ, ಅದನ್ನು ಶಿಕ್ಷೆಯಲ್ಲಿ ವಜಾ ಮಾಡಿಕೊಳ್ಳಬಹುದೇ ಎಂದು ಕೇಳಿದೆ. ವಕೀಲರು ನಗಲಿಲ್ಲ.

ಇಷ್ಟು ಜಾಗ್ರತೆಯ ಪ್ರಕಾಶಕರ ಬಳಿ ಕರಾರುಪತ್ರದ ಮಾತೆತ್ತಿದೆ. “ನಮ್ಮ ನಿಮ್ಮೊಳಗೆ ಎಂಥ ಕಾಗದ ಮಾರಾಯರೆ!” ಎಂದು ಗೋಳಿಬಜೆಯ ತಟ್ಟೆಯನ್ನು ನನ್ನತ್ತ ಸರಿಸಿದರು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ರಾಯಧನ ಎಷ್ಟೆಂದು ನಮೂದಿಸಿರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ನನ್ನ ಪಾಲಿಗೆ ಬಂದದ್ದು 25 ಪ್ರತಿಗಳು ಮತ್ತು ಆ ಬಜೆ. (ಚಟ್ನಿ ಚೆನ್ನಾಗಿತ್ತು, ಈ ಮಾತಿಗೆ ಮೊಕದ್ದಮೆ ಬಾರದು.) ಬರೆದಿಟ್ಟ ಮಾತ್ರಕ್ಕೆ ತಂಟೆ ತಪ್ಪುತ್ತದೆಂದೂ ಅಲ್ಲ. ಕೋಟದ ಶಿವರಾಮ ಕಾರಂತರು ಉಯಿಲನ್ನೇ ಬರೆದಿದ್ದರು. ಆದರೂ ಅವರ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು.

ಪ್ರಕಾಶಕರಿಗೂ ಒಂದು ಕಾನೂನಿದೆ. 1954ರ ಕಾಯಿದೆಯಂತೆ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಸ್ವಂತ ಖರ್ಚಿನಲ್ಲಿ ಪ್ರತಿ ಕಳುಹಿಸಬೇಕು. ತಪ್ಪಿದರೆ 50 ರೂಪಾಯಿಯವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ನುಗ್ಗೆಕಾಯಿ ಕಾಣಿಸಲಿಲ್ಲ ಎಂದವನಿಗೆ ಎರಡು ವರ್ಷ. ಪುಸ್ತಕವನ್ನೇ ಕಾಣಿಸದವನಿಗೆ ಒಂದು ಮಸಾಲೆ ದೋಸೆಯ ಲೆಕ್ಕ.

ಕೊನೆಗೆ ನನ್ನ ವಾಕ್ಯ ಹೀಗೆ ಅಚ್ಚಾಯಿತು: ‘ಒಬ್ಬರು ಒಂದು ಕಡೆ ಒಂದು ದ್ರವವನ್ನು ಬಡಿಸಿದರು.’ ಬಿಡುಗಡೆಯ ದಿನ ಆ ಹೋಟೆಲಿನ ಯಜಮಾನರೇ ಮುಂದಿನ ಸಾಲಿನಲ್ಲಿ ಕುಳಿತು ಪುಟ ತಿರುವಿದರು, ಮತ್ತೆ ತಿರುವಿದರು.

“ನಮ್ಮ ಸಾಂಬಾರನ್ನು ಕಥೆಯಲ್ಲಿ ತಂದಿದ್ದೀರಿ ಎಂದರು. ಎಲ್ಲಿ? ಹೆಸರಿದ್ದರೆ ಗಲ್ಲಾದ ಪಕ್ಕ 50 ಪ್ರತಿ ಇಡುತ್ತಿದ್ದೆ.”